ಮೀಟರಣ್ಣ ಉಲ್ಕೆಗೆ ಸ್ನಾನ ಮಾಡಿಸಿದ್ದು

ಮನುಷ್ಯ ಕಷ್ಟಕ್ಕೆ ಸಿಕ್ಕಿಬೀಳಲು ದೊಡ್ಡ ಕಾರಣವೇನೂ ಬೇಕಿಲ್ಲ. ಷಡ್ಡಕನೊಬ್ಬ ಹಲ್ಲಿನ ಡಾಕ್ಟರಾಗಿದ್ದರೆ ಸಾಕು.

ಮೀಟರಣ್ಣನ ಷಡ್ಡಕ ಹಾಗೊಬ್ಬ ಡಾಕ್ಟರು. ಹೆಂಡತಿಯ ಅಕ್ಕನ ಗಂಡ. ಆತ ತನ್ನ ದವಾಖಾನೆಗೆ ‘ಸ್ಮೈಲ್ ಸ್ಟುಡಿಯೋ’ ಎಂದು ಹೊಸ ಹೆಸರಿಟ್ಟು, ದೀಪ ಹೊತ್ತಿಕೊಳ್ಳುವ ಬೋರ್ಡು ಹಾಕಿಸಿದ. ಅದನ್ನು ನೋಡಿ ಬಂದ ದಿನದಿಂದ ಮೀಟರಣ್ಣನ ಹೆಂಡತಿಯ ಊಟ ಮೈಗೆ ಹತ್ತಲಿಲ್ಲ.

“ಹಲ್ಲು ಕೀಳೋ ಜಾಗಕ್ಕೂ ಭಾವ ಎಷ್ಟು ಚೆಂದದ ಹೆಸರಿಟ್ಟಿದ್ದಾರೆ ನೋಡ್ರೀ. ನಮ್ಮದೂ ಒಂದಿದೆ. ‘ಇಲ್ಲಿ ಎಲ್ಲಾ ಬಗೆಯ ಮೀಟರುಗಳನ್ನು ರಿಪೇರಿ ಮಾಡಿಕೊಡಲಾಗುವುದು.’ ಓದಿ ಮುಗಿಸೋದ್ರೊಳಗೆ ಗಿರಾಕಿ ಆಚೆ ಬೀದಿಗೆ ಹೋಗಿರ್ತಾನೆ.”

ಮೀಟರಣ್ಣ ಎರಡು ದಿನ ತಲೆ ಕೆರೆದುಕೊಂಡು ಇಂಗ್ಲಿಷಿನ ಹೆಸರೊಂದನ್ನು ಹೊಸೆದ: ‘ಮೀಟರ್ ರೈಟ್ ಸೆಂಟರ್’. ಮೀಟರನ್ನು ರೈಟ್ ಮಾಡುವ ಜಾಗ; ತಪ್ಪೇನಿದೆ? ಆದರೆ ಬೋರ್ಡು ಬರೆಯುವವನಿಗೆ ಹಲಗೆಯ ಉದ್ದ ಸಾಲಲಿಲ್ಲ. ಅವನು ಎರಡು ಪದವನ್ನೂ ಒತ್ತಿ ಒಂದು ಮಾಡಿ, ನಡುವಿನ ಒಂದು ರಕಾರವನ್ನು ನುಂಗಿ ನೀರು ಕುಡಿದು, ‘ಮೀಟರೈಟ್ ಸೆಂಟರ್’ ಎಂದು ಬರೆದ. ಕೆಳಗೆ ಉಳಿದ ಜಾಗದಲ್ಲಿ ‘ತಜ್ಞರೇ ಸ್ವತಃ ನೋಡುತ್ತಾರೆ’ ಎಂದು ಸೇರಿಸಿದ. ಅಂಗಡಿಯಲ್ಲಿ ಇದ್ದದ್ದೇ ಮೀಟರಣ್ಣ ಒಬ್ಬನಾದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

ಬಣ್ಣ ಒಣಗಿದ ವಾರದಲ್ಲೇ ಊರಿನ ಮ್ಯೂಸಿಯಮ್ಮಿನ ಡೈರೆಕ್ಟರ್ ಮೇಡಂ ಕಾರಿನಿಂದಿಳಿದು ಅಂಗಡಿಯೊಳಗೆ ಬಂದರು. ಹೊಸದಾಗಿ ವರ್ಗವಾಗಿ ಬಂದವರು. ಹಳೆಯ ಮಡಕೆಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರಂತೆ.

“ಇಲ್ಲಿ ತಜ್ಞರು ಯಾರು?”

“ನಾನೇ ಮೇಡಂ,” ಎಂದ ಮೀಟರಣ್ಣ, ಕೈಗಂಟಿದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು.

“ಅಬ್ಬಾ, ಬದುಕಿದೆ! ಬೆನ್ನ ಹಿಂದೇನೇ ನೀವಿದ್ದೀರಿ, ನಾನು ಊರೂರಿಗೆ ಫೋನ್ ಮಾಡ್ತಿದ್ದೆ. ನಮ್ಮಲ್ಲಿ ಒಂದಿದೆ. ಸ್ಥಿತಿ ನೋಡೋ ಹಾಗಿಲ್ಲ. ಬೆವರ್ತಾ ಇದೆ. ಮೈಯೆಲ್ಲಾ ತುಕ್ಕು.”

“ಒಳಗೆ ತೇವ ಹೋಗಿದೆ,” ಎಂದ ಮೀಟರಣ್ಣ ಥಟ್ಟನೆ. ನೀರಿನ ಮೀಟರುಗಳ ರೋಗ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. “ಎಷ್ಟು ಹಳೇದು?”

“ಕೋಟ್ಯಂತರ ವರ್ಷ ಅಂತಾರೆ.”

ಸರ್ಕಾರಿ ಕಟ್ಟಡಗಳಲ್ಲಿ ಮೀಟರು ಬದಲಾಯಿಸುವ ವೇಗ ಗೊತ್ತಿದ್ದ ಮೀಟರಣ್ಣ ಮನಸಾರೆ ನಕ್ಕ. “ಹಳೇದೇ ಗಟ್ಟಿ ಮೇಡಂ. ಈಗಿನವೆಲ್ಲ ಬರೀ ಪ್ಲಾಸ್ಟಿಕ್ಕು.”

“ಇದು ಪೂರ್ತಿ ಕಬ್ಬಿಣ. ಮೇಲಿಂದ ಬಿದ್ದಿದ್ದು.”

“ಬಿತ್ತಾ? ಛೆ ಛೆ. ಅದನ್ನ ಮೊದಲು ಅಲ್ಲಿ ಮೇಲೆ ಕೂರಿಸಿದವನು ಯಾರು ಅಂತ ಕೇಳಬೇಕು!”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ನಿಜ. ಮೇಲೆ ಕೂರಿಸಿದವನು ಯಾರು? ಎಲ್ಲಾ ಪ್ರಶ್ನೆ ಕೊನೆಗೆ ಅಲ್ಲಿಗೇ ಬಂದು ನಿಲ್ಲತ್ತೆ,” ಎಂದರು ಮೆಲ್ಲಗೆ. ಇಷ್ಟು ಆಳವಾದ ತಜ್ಞನನ್ನು ಅವರು ಆವರೆಗೆ ಕಂಡಿರಲಿಲ್ಲ. “ನೀವು ಎಚ್ಚಿಂಗ್ ಕೂಡ ಮಾಡ್ತೀರಲ್ಲ?”

ಮೀಟರಿನ ತಗಡಿನ ಮೇಲೆ ಅಂಕಿ ಕೊರೆಯುವುದಿರಬೇಕು ಎಂದುಕೊಂಡ ಮೀಟರಣ್ಣ. “ಅದೇನು ಮಹಾ? ಮಾಡಿಕೊಡೋಣ ಮೇಡಂ.”

“ಹಾಗಾದ್ರೆ ಶನಿವಾರ ಇಟ್ಟುಕೊಳ್ಳೋಣ. ದೊಡ್ಡ ವಿಜ್ಞಾನಿಯೊಬ್ಬರು ಬರ್ತಿದ್ದಾರೆ. ಎಲ್ಲರ ಎದುರಿಗೇ ಮಾಡಿ ತೋರಿಸಿಬಿಡಿ.”

ಮೀಟರು ಸರಿಮಾಡುವುದನ್ನು ನೋಡಲು ವಿಜ್ಞಾನಿ ಏಕೆ ಬರಬೇಕು ಎಂಬ ಅನುಮಾನ ಮೀಟರಣ್ಣನಿಗೆ ಬಾರದೆ ಇರಲಿಲ್ಲ. ಆದರೆ ಮರ್ಯಾದೆ ತಾನಾಗಿ ಬಾಗಿಲಿಗೆ ಬಂದಾಗ ಅದರ ವಿಳಾಸ ವಿಚಾರಿಸುವವರು ಯಾರು? ಮನೆಗೆ ಹೋಗಿ, ಮ್ಯೂಸಿಯಮ್ಮಿನವರು ತನ್ನನ್ನು ತಜ್ಞನೆಂದು ಕರೆದಿದ್ದಾರೆ ಎಂದಷ್ಟೇ ಹೇಳಿದ. ಅವನು ಚಪ್ಪಲಿ ಕಳಚುವುದರೊಳಗೆ ಹೆಂಡತಿ ಅಕ್ಕನಿಗೆ ಫೋನು ಹಚ್ಚಿಯಾಗಿತ್ತು.

ಮರುದಿನ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಸಿಬ್ಬಂದಿಯೆಲ್ಲ ಸಾಲಾಗಿ ನಿಂತಿದ್ದರು. ಮೇಡಂ ಮೇಜಿನ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದರು. ಅಲ್ಲಿ ಮೀಟರು ಇರಲಿಲ್ಲ. ದಿಂಬಿನಷ್ಟು ದಪ್ಪದ ಒಂದು ಕರಿ ಗುಂಡು, ಅದರ ಪಕ್ಕದಲ್ಲಿ ಅದರಿಂದಲೇ ಕೊಯ್ದ ಅಗಲವಾದ ಒಂದು ಬಿಲ್ಲೆ. ಬಿಲ್ಲೆಯ ಮುಖದ ತುಂಬ ಕಂದು ತುಕ್ಕು. ತುಕ್ಕಿನ ಮೇಲೆ ಸಾಸಿವೆ ಕಾಳಿನಂಥ ಹನಿಗಳು.

“ಇದೇ ನೋಡಿ ನಮ್ಮ ಮೀಟಿಯರೈಟು,” ಎಂದರು ಮೇಡಂ ಹೆಮ್ಮೆಯಿಂದ. “ಆಕಾಶದಿಂದ ಬಿದ್ದ ಉಲ್ಕೆಯ ತುಂಡು. ತುಕ್ಕು ತೆಗೆದು, ಎಚ್ಚಿಂಗ್ ಮಾಡಿದ್ರೆ, ಅಂದ್ರೆ ಆಸಿಡ್ಡು ಹಚ್ಚಿದ್ರೆ, ಒಳಗೆ ಅಡಗಿರೋ ಗೆರೆಗಳು ಎದ್ದು ಕಾಣತ್ತಂತೆ. ನಿಮಗೆ ನಾನು ಹೇಳೋದೇನು, ಮೀನಿಗೆ ಈಜು ಕಲಿಸಿದ ಹಾಗೆ.”

ಮೀಟರಣ್ಣನಿಗೆ ತನ್ನ ಬೋರ್ಡು, ನುಂಗಿಹೋದ ರಕಾರ, ಮೇಲೆ ಕೂರಿಸಿದವನು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಇದ್ದದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದ. ಜೇಬಿನಲ್ಲಿ ಫೋನು ಕಿರುಚಿತು. ಷಡ್ಡಕ!

“ಏನಪ್ಪಾ, ನೀನಂತೆ ತಜ್ಞ? ನಿನ್ನ ಅತ್ತಿಗೆ ಬೆಳಗಿನಿಂದ ನಗ್ತಾ ಇದ್ದಾಳೆ,” ಎಂದಿತು ಆ ಕಡೆಯ ದನಿ. “ಶನಿವಾರ ನಾವೂ ಬರ್ತೀವಿ. ನನ್ನ ಪೇಷಂಟುಗಳಿಗೂ ಹೇಳಿದ್ದೀನಿ.”

ಮೀಟರಣ್ಣ ಫೋನನ್ನು ಜೇಬಿಗಿಟ್ಟ. ತೆರೆದಿದ್ದ ಬಾಯಿಂದ ಬೇರೆಯೇ ಮಾತು ಹೊರಬಂತು. “ತುಕ್ಕು ಸ್ವಲ್ಪ ಜಾಸ್ತಿ ಇದೆ. ಮಾಡೋಣ.”

ಉಜ್ಜುವ ಕೆಲಸ ಅವನಿಗೆ ಹೊಸದಲ್ಲ. ಹಿತ್ತಾಳೆಯ ತಗಡು ಉಜ್ಜಿ ಉಜ್ಜಿಯೇ ಬೆರಳಿನ ರೇಖೆ ಕಳೆದುಕೊಂಡವನು. ದಿನವೂ ಮ್ಯೂಸಿಯಮ್ಮಿಗೆ ಹೋಗಿ, ನೀರು ಹನಿಸುತ್ತ, ಮೊದಲು ಒರಟು ಉಪ್ಪುಕಾಗದ, ಆಮೇಲೆ ನುಣುಪಿನದು, ಆಮೇಲೆ ಅದಕ್ಕಿಂತ ನುಣುಪಿನದು ಹಾಕಿ ಬಿಲ್ಲೆಯನ್ನು ತಿಕ್ಕಿದ. ವಾರದ ಕೊನೆಗೆ ಅದು ಹೇಗೆ ಹೊಳೆಯಿತೆಂದರೆ ಮೇಡಂ ಆ ಕಡೆ ಹಾದುಹೋಗುವಾಗಲೆಲ್ಲ ಅದರಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದರು.

ಅಡಚಣೆ ಇದ್ದದ್ದು ಮುಂದಿನ ಹಂತದಲ್ಲಿ. ಅದಕ್ಕೆ ಮೊಬೈಲೇ ಗುರುವಾಯಿತು. ಯಾವುದೋ ದೇಶದ ಗಡ್ಡದವನೊಬ್ಬ ಇಂಥದೇ ಬಿಲ್ಲೆಗೆ ಆಸಿಡ್ಡು ಹಚ್ಚುವ ವಿಡಿಯೋ ಸಿಕ್ಕಿತು. ಅವನ ಇಂಗ್ಲಿಷು ಮೂಗಿನಿಂದ ಹೊರಟು ಗಡ್ಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದರೂ ಮೀಟರಣ್ಣ ಕಿವಿಗಿಟ್ಟುಕೊಂಡು ಸಾಮಾನು ಹೊಂದಿಸಿದ. ಅಕ್ಕಸಾಲಿಗರ ಅಂಗಡಿಯಿಂದ ನೈಟ್ರಿಕ್ ಆಸಿಡ್ಡು. ಔಷಧಿ ಅಂಗಡಿಯಿಂದ ಸ್ಪಿರಿಟ್ಟು. ರಬ್ಬರಿನ ಕೈಗವಸು. ಮೆತ್ತನೆಯ ಬ್ರಷ್ಷು. ಕೊನೆಗೆ ಸೋಡಾ.

ತಳ್ಳುಗಾಡಿಯಲ್ಲಿ ಬಂದಿಳಿದ ಬಾಟಲಿಗಳನ್ನು ನೋಡಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಇದೇನ್ರೀ ಇಷ್ಟು ಸೋಡಾ?”

“ಅವನೇ ಹೇಳ್ತಾನಲ್ಲ. ಕೊನೇಲಿ ಆಸಿಡ್ಡಿನ ಜೋರು ತೆಗೆಯೋಕೆ ‘ಬೇಕಿನ್ ಸೋಡಾ, ಬೇಕಿನ್ ಸೋಡಾ’ ಅಂತ. ಪಾಪ, ನಮಗೆ ತಿಳೀಲಿ ಅಂತ ಕನ್ನಡದಲ್ಲೇ ಹೇಳಿದ್ದಾನೆ. ಇನ್ನೂ ಬೇಕು, ಸೋಡಾ ಅಂತ.”

ಹೆಂಡತಿ ಅಡುಗೆಮನೆಗೆ ಹೋಗಿ, ಕೇಕು ಉಬ್ಬಿಸುವ ಪುಡಿಯ ಡಬ್ಬಿಯನ್ನು ತಂದು ಅವನ ಮೂಗಿನ ಕೆಳಗೆ ಹಿಡಿದಳು. “ಬೇಕಿಂಗ್ ಸೋಡಾ ಅಂದ್ರೆ ಇದು!”

ಸೋಡಾದವನು ಬಾಟಲಿ ವಾಪಸು ತೆಗೆದುಕೊಳ್ಳಲಿಲ್ಲ. ಅವೆಲ್ಲ ಹಿತ್ತಲಿನ ಗೋಡೆಗೆ ಒರಗಿ ನಿಂತವು. ಗೋಡೆಯಾಚೆ ನಿವೃತ್ತ ಮೇಷ್ಟ್ರ ಮನೆ. ನಿವೃತ್ತಿಯಾದರೂ ಮೇಷ್ಟ್ರ ಮೇಲ್ವಿಚಾರಣೆ ನಿಂತಿರಲಿಲ್ಲ. ಮುಂಚೆ ಒಂದು ಶಾಲೆಯನ್ನು ನೋಡಿಕೊಳ್ಳುತ್ತಿದ್ದರು, ಈಗ ಇಡೀ ಬೀದಿಯನ್ನು. ಅವರು ಗೋಡೆಯ ಮೇಲಿಂದ ಕತ್ತು ಚಾಚಿದಾಗ ಕಂಡದ್ದಿಷ್ಟು: ಮೂಗಿಗೆ ಬಟ್ಟೆ ಕಟ್ಟಿಕೊಂಡ ಮೀಟರಣ್ಣ ಗಾಜಿನ ಬೋಗುಣಿಗೆ ಸ್ಪಿರಿಟ್ಟು ಸುರಿಯುತ್ತಿದ್ದಾನೆ; ಅದಕ್ಕೆ ಇನ್ನೇನೋ ಹನಿಹನಿಯಾಗಿ ಬೆರೆಸುತ್ತಿದ್ದಾನೆ; ಪಕ್ಕದಲ್ಲಿ ಸೋಡಾ ಬಾಟಲಿಗಳು ಪಡೆಯಂತೆ ನಿಂತಿವೆ; ಹೆಂಡತಿ “ಜೋರು ಜಾಸ್ತಿ ಆಗೋದು ಬೇಡ, ಸ್ವಲ್ಪ ತೆಳ್ಳಗೇ ಇರಲಿ ರೀ” ಎನ್ನುತ್ತಿದ್ದಾಳೆ.

ಇಷ್ಟು ಸಾಕ್ಷಿ ಸಿಕ್ಕ ಮೇಲೆ ಮೇಷ್ಟ್ರಿಗೆ ಇನ್ನೇನು ಬೇಕು? ಸಂಜೆಯೊಳಗೆ ಅಬಕಾರಿ ಇನ್‌ಸ್ಪೆಕ್ಟರು ಹಿತ್ತಲಲ್ಲಿದ್ದರು. ಹೊಟ್ಟೆ ಮೊದಲು ಬಂತು, ಮೀಸೆ ಆಮೇಲೆ, ಇನ್‌ಸ್ಪೆಕ್ಟರು ಕೊನೆಗೆ.

“ಏನಿದು?”

“ಸ್ಪಿರಿಟ್ಟು ಸಾರ್.”

“ಯಾರಿಗೆ?”

“ಕಲ್ಲಿಗೆ ಸಾರ್. ಅಂದ್ರೆ ಕಬ್ಬಿಣಕ್ಕೆ.”

“ಕಬ್ಬಿಣ ಕುಡಿಯತ್ತೇನ್ರೀ?”

“ಕುಡಿಯಲ್ಲ ಸಾರ್. ಸ್ನಾನ.”

“ಆಸಿಡ್ಡು?”

“ಅದೂ ಸ್ನಾನಕ್ಕೇ.”

“ಸೋಡಾ?”

“ಸ್ನಾನ ಆದ ಮೇಲೆ ಬೇಕಿನ್... ಅಲ್ಲ ಸಾರ್, ಅದು ಬೇಡ. ಅದು ತಪ್ಪಿ ಬಂದದ್ದು.”

“ತಪ್ಪಿ ಬಂದದ್ದು!” ಗೋಡೆಯಾಚೆಯಿಂದ ಮೇಷ್ಟ್ರು ಉದ್ಗರಿಸಿದರು. “ಬರ್ಕೊಳ್ಳಿ ಸಾರ್, ಬಾಯಿಬಿಟ್ಟ!”

ಮೀಟರಣ್ಣ ಕೈಮುಗಿದ. ಮ್ಯೂಸಿಯಂ, ಉಲ್ಕೆ, ಒಳಗಿನ ಗೆರೆ, ಎಲ್ಲವನ್ನೂ ತೊದಲಿದ. ಇನ್‌ಸ್ಪೆಕ್ಟರು ಕಬ್ಬಿಣದೊಳಗೆ ಗೆರೆ ಎಂಬ ಕಥೆಯನ್ನು ಅದೇ ಮೊದಲು ಕೇಳಿದ್ದು. “ತೋರ್ಸಿ,” ಎಂದು ಕುರ್ಚಿ ಎಳೆದುಕೊಂಡರು. ಹಿತ್ತಲಲ್ಲಿದ್ದ ಕಬ್ಬಿಣ ಒಂದೇ, ತಕ್ಕಡಿಯ ಹಳೆಯ ತೂಕದ ಬಟ್ಟು. ಮೀಟರಣ್ಣ ಅದನ್ನೇ ಉಜ್ಜಿ, ಕೈಗವಸು ತೊಟ್ಟು, ಬ್ರಷ್ಷಿನಿಂದ ಆಸಿಡ್ಡಿನ ನೀರು ಸವರಿದ. ಎಲ್ಲರೂ ಬಗ್ಗಿದರು. ಬಟ್ಟು ಬೂದಿ ಬಣ್ಣಕ್ಕೆ ತಿರುಗಿತು. ಇನ್ನಷ್ಟು ಸವರಿದ. ಇನ್ನಷ್ಟು ಬೂದಿಯಾಯಿತು.

“ಎಲ್ರೀ ಗೆರೆ?”

“ಇದು ಭೂಮಿಯ ಕಬ್ಬಿಣ ಸಾರ್. ಆಕಾಶದ್ದರಲ್ಲಿ ಬರತ್ತೆ,” ಎಂದ ಮೀಟರಣ್ಣ. ಹೇಳಿದವನಿಗೇ ಅದು ನಂಬುವ ಮಾತೆನಿಸಲಿಲ್ಲ.

ಇನ್‌ಸ್ಪೆಕ್ಟರು ಮೀಸೆ ತಿರುವಿದರು. “ಸರಿ. ಶನಿವಾರ ನಾನೂ ಬರ್ತೀನಿ. ಗೆರೆ ಬಂದ್ರೆ ನೀವು ತಜ್ಞರು. ಬರದೆ ಹೋದ್ರೆ ಕಳ್ಳಭಟ್ಟಿ. ಈ ಸೋಡಾ ನನ್ನ ವಶದಲ್ಲಿರಲಿ.”

ಶನಿವಾರ ಮ್ಯೂಸಿಯಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಆ ವಿಜ್ಞಾನಿ, ಸಣಕಲು ಮೈಯ, ನಗುಮುಖದ ಮುದುಕರೊಬ್ಬರು. ಅವರ ಒಂದು ಪಕ್ಕಕ್ಕೆ ಮೇಡಂ, ಇನ್ನೊಂದು ಪಕ್ಕಕ್ಕೆ ಇನ್‌ಸ್ಪೆಕ್ಟರು. ಅವರ ಕಾಲ ಬಳಿ ಸಾಕ್ಷಿಯಾಗಿ ಸೋಡಾ ಬಾಟಲಿಗಳ ಪೆಟ್ಟಿಗೆ. ಹಿಂದೆ ಮೇಷ್ಟ್ರು. ಅವರ ಹಿಂದೆ ಷಡ್ಡಕ, ಅತ್ತಿಗೆ, ಮತ್ತು ದವಡೆ ಊದಿಸಿಕೊಂಡ ಒಂದಿಷ್ಟು ಪೇಷಂಟುಗಳು. ಮೇಜಿನ ಪಕ್ಕದಲ್ಲಿ ಹೆಂಡತಿ, ಸೋಡಾಪುಡಿ ಕಲಸಿದ ನೀರಿನ ಬೋಗುಣಿ ಹಿಡಿದು ಕಾವಲುಗಾರಳಂತೆ ನಿಂತಿದ್ದಳು. ಕಿಟಕಿಗಳೆಲ್ಲ ತೆರೆದಿದ್ದವು. ಮೀಟರಣ್ಣನಿಗೆ ಅವುಗಳ ಮೂಲಕ ಓಡಿಹೋಗುವ ಯೋಚನೆಯೂ ಬಂತು, ಆದರೆ ಕಂಬಿಗಳಿದ್ದವು.

ಅವನು ಬ್ರಷ್ಷು ಅದ್ದಿದ. ಹೊಳೆಯುವ ಬಿಲ್ಲೆಯ ಮೇಲೆ ಒಂದು ಸಲ ಸವರಿದ. ಏನೂ ಆಗಲಿಲ್ಲ. ಮತ್ತೊಂದು ಸಲ. ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಮಸುಕಾಯಿತು, ಅಷ್ಟೇ. ಹಿಂದಿನ ಸಾಲಿನಲ್ಲಿ ಷಡ್ಡಕ ಕೆಮ್ಮಿದ. ಮೇಷ್ಟ್ರು “ಬೂದಿ, ಬೂದಿ” ಎಂದು ಪಿಸುಗುಟ್ಟಿದರು. ಇನ್‌ಸ್ಪೆಕ್ಟರ ಕುರ್ಚಿ ಕಿರುಗುಟ್ಟಿತು. ಮೀಟರಣ್ಣ ಕಣ್ಣುಮುಚ್ಚಿ ಸವರಿದ. ತೆರೆಯಲು ಧೈರ್ಯವಾಗದೆ ಹಾಗೆಯೇ ಇನ್ನೊಂದು ಸಲ ಸವರಿದ.

“ಬಂತು!”

ಕೂಗಿದ್ದು ಇನ್‌ಸ್ಪೆಕ್ಟರು. ಎದ್ದು ನಿಂತಿದ್ದರು. “ಅಗೋ ಅಲ್ಲಿ! ಒಂದು ಗೆರೆ! ಇಲ್ಲೊಂದು! ಅಯ್ಯಯ್ಯೋ, ಅಡ್ಡಡ್ಡ ಬರ್ತಿದೆ, ನೋಡ್ರೋ!”

ಮೀಟರಣ್ಣ ಕಣ್ಣುಬಿಟ್ಟ. ಬಿಲ್ಲೆಯ ಆಳದಿಂದ ಬೆಳ್ಳಿಯ ಪಟ್ಟಿಗಳು ಮೇಲೇಳುತ್ತಿದ್ದವು. ಒಂದರ ಮೇಲೊಂದು ಓರೆಯಾಗಿ ಹಾದು, ಯಾರೋ ಕೂತು ಚಾಪೆ ಹೆಣೆದ ಹಾಗೆ, ಅಂಚಿನಿಂದ ಅಂಚಿಗೆ. ಬೆಳಕು ಸರಿದರೆ ಒಂದು ಪಟ್ಟಿ ಕಪ್ಪಾಗುತ್ತಿತ್ತು, ಇನ್ನೊಂದು ಮಿಂಚುತ್ತಿತ್ತು. ತನ್ನ ಕೈಯಲ್ಲೇ ಇದು ನಡೆಯುತ್ತಿದೆ ಎಂದು ಅವನಿಗೆ ನಂಬಿಕೆಯೇ ಆಗಲಿಲ್ಲ. ಜನ ಮೇಜಿಗೆ ಮುತ್ತಿದರು. ಊದಿದ ದವಡೆಗಳು ನೋವು ಮರೆತು ಬಾಯಿ ತೆರೆದವು. ಷಡ್ಡಕ ಮೇಷ್ಟ್ರ ಹೆಗಲ ಮೇಲೆ ಗದ್ದವಿಟ್ಟು, “ಎಂಥಾ ಎನಾಮಲ್ಲು! ಎಂಥಾ ಎನಾಮಲ್ಲು!” ಎನ್ನುತ್ತಿದ್ದ.

ಮೀಟರಣ್ಣನಿಗೆ ಕೈ ನಿಲ್ಲಲೇ ಇಲ್ಲ. ಸವರಿದಷ್ಟೂ ಗೆರೆ, ಗೆರೆ ಬಂದಷ್ಟೂ ಸವರುವ ಹುರುಪು.

“ಸಾಕು ರೀ! ತೊಳೀರಿ! ಸುಟ್ಟುಹೋಗತ್ತೆ!” ಎಂದು ಹೆಂಡತಿ ಚೀರಿದಳು.

“ತೊಳೀರಿ! ಸೋಡಾ! ಸೋಡಾ ಕೊಡ್ರೀ!” ಎಂದು ಇನ್‌ಸ್ಪೆಕ್ಟರೂ ಕೂಗಿ, ತಾವೇ ವಶಪಡಿಸಿಕೊಂಡ ಬಾಟಲಿಯೊಂದನ್ನು ಹಲ್ಲಿನಲ್ಲೇ ತೆರೆದರು. ಸರ್ಕಾರದ ಸಾಕ್ಷಿ ಬುಸ್ಸೆಂದು ನೊರೆಯುಕ್ಕಿ ಮೇಷ್ಟ್ರ ಮುಖಕ್ಕೆ ಹಾರಿತು. ಹೆಂಡತಿ ಇನ್‌ಸ್ಪೆಕ್ಟರನ್ನು ಮೊಣಕೈಯಲ್ಲಿ ಪಕ್ಕಕ್ಕೆ ನೂಕಿ, ಬಿಲ್ಲೆಯನ್ನು ಸೋಡಾಪುಡಿಯ ನೀರಿಗೆ ಮುಳುಗಿಸಿಬಿಟ್ಟಳು. ಸಮವಸ್ತ್ರದಲ್ಲಿದ್ದ ಅಧಿಕಾರಿಯನ್ನು ಹಾಗೆ ನೂಕಿದ್ದಕ್ಕೆ ಬೇರೆ ದಿನವಾಗಿದ್ದರೆ ಏನಾಗುತ್ತಿತ್ತೋ. ಆವತ್ತು ಇನ್‌ಸ್ಪೆಕ್ಟರು, “ನೂಕಮ್ಮಾ, ನೂಕು, ಗೆರೆ ಉಳಿದ್ರೆ ಸಾಕು!” ಎಂದರು.

ಆಮೇಲಿನದು ಸಲೀಸು. ಶುದ್ಧ ನೀರು, ನೀರಿನ ಪಸೆ ಹೀರಲು ಸ್ಪಿರಿಟ್ಟು, ಅದೂ ಆರಿದ ಮೇಲೆ ಕ್ಯಾಂಟೀನಿನ ಓವನ್ನಿನಲ್ಲಿ ಹದವಾದ ಬಿಸಿ. ಅದು ಕಾಯುತ್ತಿರುವಾಗ ಉಳಿದ ಸೋಡಾವನ್ನು ಎಲ್ಲರೂ ಕುಡಿದರು. ಹೊರತೆಗೆದ ಬಿಲ್ಲೆ ಇನ್ನೂ ಬೆಚ್ಚಗಿರುವಾಗಲೇ ಮೀಟರಣ್ಣ ಮಗುವಿನ ಬೆನ್ನಿಗೆ ಸವರುವಂತೆ ಮೆಲ್ಲಗೆ ಎಣ್ಣೆ ಸವರಿದ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳಿನ ಪೊಟ್ಟಣ, ಅಂಥವನ್ನು ಗಾಜಿನ ಪೆಟ್ಟಿಗೆಯ ಮೂಲೆಗಳಿಗಿಟ್ಟು ಬಾಗಿಲು ಬಿಗಿದ. ಚಪ್ಪಾಳೆಯೋ ಚಪ್ಪಾಳೆ.

ವಿಜ್ಞಾನಿ ಎದ್ದು ಬಂದು ಕೈಕುಲುಕಿದರು. “ಬಹಳ ಚೆನ್ನಾಗಿ ಬಂದಿದೆ. ಯಾವ ಲ್ಯಾಬಿನಲ್ಲಿ ಕಲಿತಿದ್ದು ನೀವು?”

ಷಡ್ಡಕನ ಕಿವಿ ಮೊಲದ ಕಿವಿಯಂತೆ ನಿಂತಿತು. ಮೀಟರಣ್ಣ ಆ ಮುದುಕರ ಮುಖ ನೋಡಿದ. ಇಷ್ಟು ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ.

“ನಾನು ಮೀಟರ್ ರಿಪೇರಿಯವನು ಸಾರ್,” ಎಂದ. “ಮೀಟರು. ನೀರಿಂದು, ಕರೆಂಟಿಂದು. ಬೋರ್ಡು ಬರೆಯೋನು ಜಾಗ ಸಾಲದೆ ಒಂದಕ್ಷರ ತಿಂದುಬಿಟ್ಟ. ಇದನ್ನ ಮೊನ್ನೆ ಮೊಬೈಲಲ್ಲಿ ನೋಡಿದ್ದು.”

ಮೇಡಂ ಕುರ್ಚಿಯಲ್ಲಿ ಕುಸಿದರು. “ಹಾಗಾದ್ರೆ ಅವತ್ತು... ಮೇಲೆ ಕೂರಿಸಿದವನು ಯಾರು ಅಂದಿದ್ದು?”

“ಗೋಡೆಗೆ ಸ್ಕ್ರೂ ಹಾಕಿದೋನು ಮೇಡಂ.”

ವಿಜ್ಞಾನಿಗೆ ನಗು ಎಲ್ಲಿಂದ ಬಂತೋ, ಮೇಜು ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. “ನೋಡೀಪ್ಪಾ,” ಎಂದರು ಕೊನೆಗೆ, “ಈ ಗೆರೆ ಮೂಡಬೇಕಾದ್ರೆ ಕಬ್ಬಿಣ ಆಕಾಶದಲ್ಲಿ ಲಕ್ಷಾಂತರ ವರ್ಷ ನಿಧಾನವಾಗಿ ತಣ್ಣಗಾಗಬೇಕು. ನಮ್ಮ ಭೂಮಿಯ ಯಾವ ಕುಲುಮೆಗೂ ಅಷ್ಟು ತಾಳ್ಮೆ ಇಲ್ಲ. ಅಷ್ಟು ದಿನ ಕಾದಿದ್ದು ನಿಮ್ಮ ಕೈಯಲ್ಲಿ ಹೊರಗೆ ಬಂತು. ಅದಕ್ಕೆ ಬೋರ್ಡು ಓದೋಕೆ ಬರಲ್ಲ.” ಆಮೇಲೆ ದನಿ ತಗ್ಗಿಸಿ, “ನಾನು ಮೊದಲನೇ ಸಲ ಮಾಡಿದಾಗ ಇದರ ಅರ್ಧದಷ್ಟೂ ಬಂದಿರಲಿಲ್ಲ,” ಎಂದರು.

“ಅದನ್ನೇ ಅಲ್ವಾ ಸಾರ್ ನಾನು ಹಿತ್ತಲಲ್ಲೇ ಹೇಳಿದ್ದು, ಭೂಮಿಯ ಕಬ್ಬಿಣಕ್ಕೆ ಬರಲ್ಲ ಅಂತ?” ಎಂದು ಮೀಟರಣ್ಣ ಇನ್‌ಸ್ಪೆಕ್ಟರ ಕಡೆ ತಿರುಗಿದ. ಇನ್‌ಸ್ಪೆಕ್ಟರು ಹೆಮ್ಮೆಯಿಂದ ತಲೆಯಾಡಿಸಿ, ಆ ಮಾತನ್ನು ಮೊದಲು ನಂಬಿದವನೇ ತಾನು ಎಂದು ಸುತ್ತಲಿನವರಿಗೆಲ್ಲ ಹೇಳಿದರು. ಷಡ್ಡಕ ಮಾತ್ರ ಬಳಿ ಬಂದು, ಯಾರಿಗೂ ಕೇಳದಂತೆ, “ನನ್ನ ಕ್ಲಿನಿಕ್ಕಿನ ನೀರಿನ ಮೀಟರು ಯಾಕೋ ಓಡ್ತಿಲ್ಲ, ಒಂದು ಸಲ ಬಂದು ನೋಡ್ತೀಯಾ?” ಎಂದ. ಇಷ್ಟು ವರ್ಷದ ನಂಟಿನಲ್ಲಿ ಆತ ಮೀಟರಣ್ಣನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಮೀಟರಣ್ಣ ಹೆಂಡತಿಯನ್ನು ಕರೆದುಕೊಂಡು, ಎಲ್ಲರಂತೆ ಟಿಕೆಟ್ಟು ಕೊಂಡು, ಸಾಲಿನಲ್ಲಿ ನಿಂತು ಬಿಲ್ಲೆಯನ್ನು ನೋಡಲು ಹೋದ. ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಬೆಳ್ಳಿಯ ಚಾಪೆ ಜಗಮಗಿಸುತ್ತಿತ್ತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ, ಬೆವರಿನ ಒಂದು ಹನಿಯೂ ಇರಲಿಲ್ಲ. ಸರಿಯಾಗಿ ನೋಡಲೆಂದು ಅವನು ಮೂಗನ್ನು ಗಾಜಿಗೆ ಒತ್ತಿದ.

“ಏಯ್, ಹಿಂದೆ ಸರೀರಿ!” ಭಾನುವಾರದ ಪಾಳಿಯ ಹೊಸ ಕಾವಲುಗಾರ ಓಡಿಬಂದ. “ಗಾಜಿನ ಮೇಲೆ ಉಸಿರು ಬಿಡಬೇಡಿ. ಅದರ ಬೆಲೆ ಗೊತ್ತಾ ನಿಮಗೆ? ಭಾರೀ ದೊಡ್ಡ ತಜ್ಞರು ಬಂದು ಮಾಡಿಟ್ಟು ಹೋಗಿದ್ದಾರೆ.”

“ಹೌದಾ? ಹೇಗಿದ್ರು ಅವರು?” ಎಂದ ಮೀಟರಣ್ಣ.

“ನಾನು ನೋಡಿಲ್ಲ. ನೋಡಿದವರು ಹೇಳಿದ್ರು. ಆರಡಿ ಆಳಂತೆ. ಬಂದು ನಿಂತ್ರೆ ಬಾಗಿಲು ತುಂಬ್ತಿತ್ತಂತೆ.”

ಎಲ್ಲ ಅಂಗಡಿಯಲ್ಲೂ ಪ್ಯಾಂಟಿನ ಕಾಲು ಮಡಚಿ ಹೊಲಿಸಿಕೊಳ್ಳಬೇಕಾದ ಮೀಟರಣ್ಣ ವಿಧೇಯನಾಗಿ ಎರಡು ಹೆಜ್ಜೆ ಹಿಂದೆ ಸರಿದ. ಹೆಂಡತಿ ಅವನ ಪಕ್ಕೆ ತಿವಿದಳು.

“ಹೇಳ್ರೀ! ನಾನೇ ಅದು ಅಂತ ಹೇಳ್ರೀ!”

“ಸುಮ್ನಿರೇ,” ಎಂದ ಮೀಟರಣ್ಣ, ಕತ್ತು ನೆಟ್ಟಗೆ ಮಾಡಿಕೊಂಡು. “ಇಷ್ಟು ಎತ್ತರ ನನಗೆ ಇನ್ಯಾರು ಕೊಡ್ತಾರೆ?”